ಈಗಿನ ಕಂಪ್ಯೂಟರಿನಲ್ಲಿ ಡಾಸ್ ನಡೆಯುತ್ತಾ?

ಕಪ್ಪು ಪರದೆಯ ಮೇಲೆ ನಾನು ಕಮಾಂಡ್ ಟೈಪ್ ಮಾಡುವುದನ್ನು ನೋಡಿದವರೆಲ್ಲ ಇದನ್ನು ಕೇಳುತ್ತಾರೆ. ಡಾಸ್ ಅಂದರೆ ಕಮಾಂಡ್ ಟೈಪ್ ಮಾಡಿ ನಡೆಸುವ ಹಳೆಯ ಆಪರೇಟಿಂಗ್ ಸಿಸ್ಟಂ. ನಡೆಯುತ್ತದೆ, ಚೆನ್ನಾಗೇ ನಡೆಯುತ್ತದೆ. ಆದರೆ ಪೆನ್‌ಡ್ರೈವ್‌ಗೆ ಹಾಕಿ ನೇರವಾಗಿ ಬೂಟ್ ಮಾಡುತ್ತೇನೆ ಅಂದರೆ ಹೊಸ ಲ್ಯಾಪ್‌ಟಾಪ್‌ಗಳು ಹೆಚ್ಚಿನವು ಒಪ್ಪುವುದಿಲ್ಲ.

ತೊಡಕು ಪ್ರೊಸೆಸರ್‌ನದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಡಾಸ್ ಕಾಲದ 16 ಬಿಟ್ ಕೋಡ್ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಿಗೆ ಇವತ್ತಿಗೂ ಅರ್ಥವಾಗುತ್ತದೆ. ಇಲ್ಲವಾಗಿರುವುದು ಹಳೆಯ ಬಯೋಸ್, ಅಂದರೆ ಕಂಪ್ಯೂಟರ್ ಆನ್ ಮಾಡಿದೊಡನೆ ಮೊದಲು ಏಳುವ, ಯಂತ್ರದೊಳಗೇ ಇರುವ ಪ್ರೋಗ್ರಾಂ. ಡಿಸ್ಕ್ ಓದಲು, ಯಾವ ಕೀ ಒತ್ತಿದರು ಅಂತ ತಿಳಿಯಲು ಡಾಸ್ ಬಯೋಸನ್ನೇ ನೆಚ್ಚಿಕೊಂಡಿದೆ. ಈಗ ಆ ಜಾಗದಲ್ಲಿ ಯುಇಎಫ್‌ಐ ಅನ್ನುವ ಹೊಸ ಬಗೆಯ ಪ್ರೋಗ್ರಾಂ ಇದೆ. ಡಾಸ್ ಕರೆದರೆ ಓಗೊಡುವವರಿಲ್ಲ. ನಡುವಿನ ವರ್ಷಗಳ ಯಂತ್ರಗಳಾದರೆ ಸೆಟಪ್‌ನಲ್ಲಿ 'ಸಿಎಸ್‌ಎಂ' ಅಥವಾ 'ಲೆಗಸಿ ಬೂಟ್' ಅನ್ನುವ, ಹಳೆಯ ಬಯೋಸ್‌ನ ಹಾಗೆ ನಡೆದುಕೊಳ್ಳುವ ಆಯ್ಕೆ ಇರುತ್ತದೆ. ಅದು ಕಂಡರೆ ಫ್ರೀಡಾಸ್ ಹಾಕಿ ನೋಡಿ. 1994ರಲ್ಲಿ ಜಿಮ್ ಹಾಲ್ ಶುರು ಮಾಡಿದ ಉಚಿತ ಡಾಸ್ ಅದು.

ಉಳಿದವರಿಗೆ ಡಾಸ್‌ಬಾಕ್ಸ್ ಅನ್ನುವ ಪ್ರೋಗ್ರಾಂ. ನಾನೂ ದಿನಾ ಬಳಸುವುದು ಅದನ್ನೇ. ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವುದೇ ಇರಲಿ, ಒಂದು ವಿಂಡೋ ಒಳಗೆ ಇಡೀ ಹಳೆಯ ಕಂಪ್ಯೂಟರನ್ನೇ ಕಟ್ಟಿಕೊಡುತ್ತದೆ, ಆ ಕಾಲದಲ್ಲಿ ಸದ್ದು ಹೊರಡಿಸುತ್ತಿದ್ದ ಸೌಂಡ್ ಬ್ಲಾಸ್ಟರ್ ಕಾರ್ಡ್ ಸಮೇತ. 'ಮೌಂಟ್' ಕಮಾಂಡಿನಲ್ಲಿ ಒಂದು ಫೋಲ್ಡರ್ ತೋರಿಸಿದರೆ ಅದೇ ಸಿ ಡ್ರೈವ್.

ವೇಗವನ್ನು ಬೇಕಾದಷ್ಟು ಇಳಿಸಲೂಬಹುದು. ವೇಗ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಡಾಸ್ ಕಾಲದ ಪ್ರೋಗ್ರಾಮಿಂಗ್ ಸಾಧನ ಟರ್ಬೊ ಪ್ಯಾಸ್ಕಲ್ 7ರಲ್ಲಿ ಬರೆದ ನನ್ನ ಒಂದು ಪ್ರೋಗ್ರಾಂ ಫ್ರೀಡಾಸ್‌ನಲ್ಲಿ ಏಳುವ ಮೊದಲೇ 'ರನ್‌ಟೈಮ್ ಎರರ್ 200' ಅಂತ ನಿಂತುಬಿಡುತ್ತಿತ್ತು. ಅಂದರೆ ಸೊನ್ನೆಯಿಂದ ಭಾಗಾಕಾರ. ನನ್ನ ಕೋಡಿನಲ್ಲಿ ಎಲ್ಲೂ ಭಾಗಾಕಾರವೇ ಇರಲಿಲ್ಲ. ಎರಡು ಸಂಜೆ ಹುಡುಕಿದ ಮೇಲೆ ಗೊತ್ತಾಯಿತು, ತೊಂದರೆ ಟರ್ಬೊ ಪ್ಯಾಸ್ಕಲ್‌ನದೇ ಸಿಆರ್‌ಟಿ ಯೂನಿಟ್‌ನಲ್ಲಿದೆ, ಅಂದರೆ ಪರದೆ, ಕೀಬೋರ್ಡ್ ನೋಡಿಕೊಳ್ಳಲು ಅದರ ಜೊತೆಗೇ ಬರುವ ಸಿದ್ಧ ಕೋಡಿನಲ್ಲಿ. ಪ್ರೋಗ್ರಾಂ ಏಳುವಾಗ ಅದು ಸುಮಾರು 55 ಮಿಲಿಸೆಕೆಂಡ್ ಸುಮ್ನೆ ಒಂದು ಲೂಪ್ ಸುತ್ತುತ್ತದೆ. ಎಷ್ಟು ಸುತ್ತಾಯಿತೋ ಅದನ್ನು 55ರಿಂದ ಭಾಗಿಸಿ, ಡಿಲೇಗೆ, ಅಂದರೆ ಇಷ್ಟು ಹೊತ್ತು ಕಾಯಿ ಅನ್ನುವ ಕಮಾಂಡಿಗೆ, ಬೇಕಾದ ಅಳತೆ ಇಟ್ಟುಕೊಳ್ಳುತ್ತದೆ. ವೇಗದ ಯಂತ್ರದಲ್ಲಿ ಸುತ್ತುಗಳು ವಿಪರೀತ ಜಾಸ್ತಿ. ಉತ್ತರ 65,535 ದಾಟಿದರೆ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಪ್ರೊಸೆಸರ್ ಅದನ್ನೂ ಸೊನ್ನೆಯಿಂದ ಭಾಗಿಸಿದ ತಪ್ಪು ಅಂತಲೇ ಹೇಳುತ್ತದೆ. ಡಾಸ್‌ಬಾಕ್ಸ್‌ನಲ್ಲಿ ವೇಗ ಹೊಂದಿಸುವ 'ಸೈಕಲ್ಸ್' ಅನ್ನು 3000ಕ್ಕೆ ಇಟ್ಟೆ, ಪ್ರೋಗ್ರಾಂ ಎದ್ದಿತು. ಕಂಟ್ರೋಲ್ ಹಿಡಿದು ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ.

ಇಷ್ಟೆಲ್ಲ ಯಾಕೆ ಅನ್ನುವುದು ಬೆನ್ನಿಗೇ ಬರುವ ಪ್ರಶ್ನೆ. ನನ್ನ ಹತ್ತಿರ ಡಾಸ್ ಕಾಲದ ಬರವಣಿಗೆಯ ಪ್ರೋಗ್ರಾಂ ವರ್ಡ್‌ಸ್ಟಾರ್‌ನಲ್ಲಿ ಬರೆದ ಹಳೆಯ ಫೈಲುಗಳಿವೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪದಪದದ ಕೊನೆಯ ಅಕ್ಷರವೂ ಯಾವುದೋ ಗುರುತಾಗಿ ಕಾಣುತ್ತದೆ. ಪದ ಎಲ್ಲಿ ಮುಗಿಯಿತು ಅನ್ನುವುದನ್ನು ವರ್ಡ್‌ಸ್ಟಾರ್ ಆ ಕೊನೆಯ ಅಕ್ಷರದ ಎಂಟನೇ ಬಿಟ್‌ನಲ್ಲಿ ಬರೆದಿಡುತ್ತಿತ್ತು. ಡಾಸ್‌ಬಾಕ್ಸ್‌ನಲ್ಲಿ ವರ್ಡ್‌ಸ್ಟಾರನ್ನೇ ಎಬ್ಬಿಸಿ, 'ಡಿ' ಒತ್ತಿ ಫೈಲ್ ಹೆಸರು ಕೊಡುತ್ತೇನೆ. ಆಗ ಒಂದಕ್ಷರವೂ ಕೆಡದೆ, ಅವತ್ತು ಬರೆದು ಎದ್ದಾಗ ಇದ್ದ ಹಾಗೇ ಪುಟ ತೆರೆದುಕೊಳ್ಳುತ್ತದೆ.