‘ವಾಡಿಕೆ ಮಳೆ’ ಅಂದಾಗ ಬಿಡಿಸಿ ನೋಡಬೇಕಾದದ್ದು

2023ರ ಮುಂಗಾರು ಮುಗಿದಾಗ ಇಡೀ ದೇಶದ ಲೆಕ್ಕ ಹೀಗಿತ್ತು: ನಾಲ್ಕು ತಿಂಗಳಲ್ಲಿ ಬೀಳಬೇಕಾದ ಮಳೆಯಲ್ಲಿ ಶೇ 94ರಷ್ಟು ಬಿದ್ದಿದೆ. ಅಂದರೆ ಕೊರತೆ ಬರೀ ಆರು. ಅದೇ ವರ್ಷ ಕರ್ನಾಟಕ ತನ್ನ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿತು. ರಾಜ್ಯದ ಕೊರತೆ ದೇಶದ ಕೊರತೆಗಿಂತ ಹೆಚ್ಚಿತ್ತು, ನಿಜ. ಆದರೆ ಅಷ್ಟೇ ಕಾರಣವಲ್ಲ. ದೇಶದ ಅಂಕಿಯನ್ನೇ ತಿಂಗಳುವಾರು ಬಿಡಿಸಿದರೆ ಜೂನ್ 91, ಜುಲೈ 113, ಆಗಸ್ಟ್ 64, ಸೆಪ್ಟೆಂಬರ್ 113. ಆ ಆಗಸ್ಟ್, 1901ರಿಂದ ಈಚಿನ ದಾಖಲೆಯಲ್ಲೇ ಅತ್ಯಂತ ಒಣ ಆಗಸ್ಟ್. ಸೆಪ್ಟೆಂಬರ್‌ನಲ್ಲಿ ಹೊಯ್ದ ಮಳೆ ಮೊತ್ತವನ್ನು ಮೇಲೆತ್ತಿತು, ಒಣಗಿದ ಬೆಳೆಯನ್ನು ಎತ್ತಲಿಲ್ಲ.

ಕೋಡಿಂಗ್ ಗೊತ್ತಿರುವ ವರದಿಗಾರರು ಮಾಡಬಹುದಾದ ದೊಡ್ಡ ಕೆಲಸ ಇದೇ: ಮೊತ್ತದ ಹಿಂದೆ ಅಡಗಿರುವ ದಿನಗಳನ್ನು ಹೊರಗೆ ತೆಗೆಯುವುದು, ಆ ದಿನಗಳು ಯಾವ ಊರಿನವು ಎಂದು ಪತ್ತೆ ಹಚ್ಚುವುದು, ಆಮೇಲೆ ಆ ಊರಿಗೆ ಹೋಗುವುದು. ಮಳೆಯ ಒಂದು ವರದಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಕಡತದಿಂದ ಹೊಲದವರೆಗಿನ ದಾರಿಯನ್ನೂ ಅದರ ಗುಂಡಿಗಳನ್ನೂ ಇಲ್ಲಿ ಬರೆದಿದೆ.

ಮೊದಲು ಪ್ರಶ್ನೆ. ‘ಈ ಸಲ ಮಳೆ ಹೇಗಿದೆ?’ ಎಂಬುದಕ್ಕೆ ಕೋಡ್ ಬರೆಯಲು ಬರುವುದಿಲ್ಲ. ‘ಯಾವ ತಾಲ್ಲೂಕುಗಳಲ್ಲಿ ಒಟ್ಟು ಮಳೆ ವಾಡಿಕೆಯಷ್ಟಿದ್ದರೂ ನಡುವೆ ಮೂರು ವಾರ ಮಳೆ ಕೈಕೊಟ್ಟಿದೆ?’ ಎಂದರೆ ಬರೆಯಬಹುದು. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ −19ರಿಂದ +19 ಶೇಕಡಾವರೆಗೆ ಎಲ್ಲವೂ ‘ವಾಡಿಕೆ’. −20ರಿಂದ −59 ‘ಕೊರತೆ’. −60ರಿಂದ ಕೆಳಗೆ ‘ತೀವ್ರ ಕೊರತೆ’. ವಾಡಿಕೆ 400 ಮಿ.ಮೀ. ಇರುವ ತಾಲ್ಲೂಕಿನಲ್ಲಿ 352 ಬಿದ್ದರೆ ಅದು −12, ನಕ್ಷೆಯಲ್ಲಿ ಹಸಿರು. ಆ 352ರಲ್ಲಿ ನೂರು ಮಿ.ಮೀ. ಕೊನೆಯ ಮೂರು ದಿನದಲ್ಲಿ ಬಿದ್ದಿದ್ದರೂ ಹಸಿರೇ. ಒಣ ಅವಧಿಗೆ ನಾವೇ ಒಂದು ವ್ಯಾಖ್ಯೆ ಕಟ್ಟಬೇಕಿಲ್ಲ. ಕೇಂದ್ರದ ಬರ ನಿರ್ವಹಣಾ ಕೈಪಿಡಿ (2016) ಹೇಳುವುದು ಇಷ್ಟು: ಮುಂಗಾರು ಬರಬೇಕಾದ ದಿನದ ನಂತರ ಸತತ ಮೂರ್ನಾಲ್ಕು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ, ಹಗುರ ಮಣ್ಣಾದರೆ ಮೂರು ವಾರ, ಭಾರದ ಮಣ್ಣಾದರೆ ನಾಲ್ಕು. ಮಸಾರಿ ಹೊಲಕ್ಕೂ ಎರೆ ಹೊಲಕ್ಕೂ ಒಂದೇ ಅಳತೆ ಸಲ್ಲದು ಎಂದು ಕೈಪಿಡಿಯೇ ಒಪ್ಪಿಕೊಂಡಿದೆ. ಹಾಗಾಗಿ ಕೋಡ್‌ನಲ್ಲಿ ಆ ಮೂರು, ನಾಲ್ಕನ್ನು ನೇರವಾಗಿ ಟೈಪ್ ಮಾಡಬೇಡಿ. ತಾಲ್ಲೂಕುವಾರು ಮಣ್ಣಿನ ಒಂದು ಕಾಲಂ ಇಟ್ಟುಕೊಂಡು ಅದರಿಂದ ಓದಿಸಿ.

ದತ್ತಾಂಶ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ತಾರೀಕು. ಮಳೆಯ ದಿನ ಶುರುವಾಗುವುದು ಮಧ್ಯರಾತ್ರಿಯಲ್ಲ, ಬೆಳಿಗ್ಗೆ 8.30ಕ್ಕೆ. ಆಗಸ್ಟ್ 6ರ ಸಾಲಿನಲ್ಲಿರುವ ಮಳೆ 5ರ ಬೆಳಿಗ್ಗೆ 8.30ರಿಂದ 6ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. ‘5ರ ರಾತ್ರಿ ಕೆರೆ ಒಡೆಯಿತು’ ಎಂದು ಬರೆದು 5ರ ಸಾಲು ನೋಡಿದರೆ ಅಲ್ಲಿ ಸೊನ್ನೆ ಕಂಡು ಗಾಬರಿಯಾಗುತ್ತದೆ. ಇನ್ನೊಂದು, 04-08-2023ನ್ನು ಪಾಂಡಾಸ್ (ಪಟ್ಟಿಗಳನ್ನು ಓದಿ ಲೆಕ್ಕ ಹಾಕುವ, ಪೈಥಾನ್ ಭಾಷೆಯ ಲೈಬ್ರರಿ) ಏಪ್ರಿಲ್ 8 ಎಂದು ಓದಿಬಿಡಬಹುದು. ದಿನ ಮೊದಲು ಬರುತ್ತದೆ ಎಂಬ ‘ಡೇಫಸ್ಟ್’ ಆಯ್ಕೆ ಕೊಡಿ, ಓದಿಸಿದ ಮೇಲೆ ತಿಂಗಳುವಾರು ಸಾಲುಗಳನ್ನು ಎಣಿಸಿ. ಮುಂಗಾರಿನ ಕಡತದಲ್ಲಿ ಜನವರಿ ಇಣುಕಿದರೆ ತಾರೀಕು ತಿರುವುಮುರುವಾಗಿದೆ ಎಂದೇ ಅರ್ಥ.

ಕನ್ನಡದ ಪಿಡಿಎಫ್‌ಗಳ ಕಥೆ ಬೇರೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಸಿದ್ಧಪಡಿಸಿದ ಕಡತ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಪಿಡಿಎಫ್‌ಪ್ಲಂಬರ್‌ನಿಂದ ಪಠ್ಯ ಹೊರತೆಗೆದರೆ ಸಿಗುವುದು ಮೇಲೆ ಕೆಳಗೆ ಗುರುತು ಹೊತ್ತ ರೋಮನ್ ಅಕ್ಷರಗಳ ಗೋಜಲು. ಕಡತ ಹಾಳಾಗಿಲ್ಲ, ಅಲ್ಲಿ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ) ಇಲ್ಲ ಅಷ್ಟೇ. ಪರಿವರ್ತಕ ಬಳಸಬೇಕು. ಪರಿವರ್ತಕ ಸರಿಯಿದೆಯೇ ಎಂದು ತಿಳಿಯಲು ಅರ್ಕಾವತ್ತು ಇರುವ ಹೆಸರುಗಳನ್ನು ನೋಡಿ: ಚಿತ್ರದುರ್ಗ, ತೀರ್ಥಹಳ್ಳಿ. ಈ ಫಾಂಟುಗಳಲ್ಲಿ ಅರ್ಕಾವತ್ತಿನ ಸಂಕೇತ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಕಚ್ಚಾ ಪರಿವರ್ತಕಗಳು ಎಡವುವುದು ಇಲ್ಲೇ.

ಯೂನಿಕೋಡ್‌ಗೆ ಬಂದ ಮೇಲೂ ಒಂದು ಅದೃಶ್ಯ ತೊಡಕು ಉಳಿಯುತ್ತದೆ. ‘ಕೊಪ್ಪಳ’ ಎಂಬ ಹೆಸರಿನ ‘ಕೊ’ ಎರಡು ರೀತಿಯಲ್ಲಿ ಶೇಖರವಾಗಿರಬಹುದು: ಒತ್ವದ ಒಂದೇ ಚಿಹ್ನೆಯಾಗಿ, ಇಲ್ಲವೇ ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿ. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ ಪದ. ಗುಂಪು ಮಾಡಿ ಮೊತ್ತ ತೆಗೆದರೆ ಕೊಪ್ಪಳ ಎರಡು ಸಲ ಬರುತ್ತದೆ, ಎರಡರಲ್ಲೂ ಅರ್ಧರ್ಧ ಮಳೆ! ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿರುವ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸಿದ ರೂಪ) ಎಲ್ಲ ಹೆಸರುಗಳನ್ನೂ ತಂದರೆ ಇದು ಸರಿಹೋಗುತ್ತದೆ. ಪದದ ನಡುವೆ ಸೇರಿಕೊಂಡಿರುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳು ಮಾತ್ರ ಎನ್‌ಎಫ್‌ಸಿಗೆ ಬಗ್ಗುವುದಿಲ್ಲ. ಹೋಲಿಕೆಗೆಂದೇ ಇನ್ನೊಂದು ಕಾಲಂ ಮಾಡಿ ಅದರಲ್ಲಿ ಅವನ್ನು ಕಿತ್ತುಹಾಕಿ, ಪ್ರಕಟಣೆಯ ಹೆಸರು ಹಾಗೇ ಇರಲಿ. ಸ್ಕ್ಯಾನ್ ಪ್ರತಿಗಳಿಗೆ ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಬಳಸುವವರು ಕನ್ನಡ ಅಂಕಿಗಳ ಮೇಲೆ ಕಣ್ಣಿಡಬೇಕು. ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ಪೈಥಾನ್ ‘೧೨’ನ್ನು ಹನ್ನೆರಡು ಎಂದು ಸಲೀಸಾಗಿ ಓದುತ್ತದೆ, ‘೧೦’ರ ಜಾಗದಲ್ಲಿ ಒಂದರ ಮುಂದೆ ಅನುಸ್ವಾರ ಕೂತಿದ್ದರೆ ದೋಷ ತೋರಿಸಿ ನಿಲ್ಲುತ್ತದೆ. ನಿಂತದ್ದು ಒಳ್ಳೆಯದೇ. ದೋಷ ಬಂದ ಅಂಕಿಯ ಜಾಗವನ್ನು ಖಾಲಿ ಬಿಟ್ಟು ಮುಂದೆ ಸಾಗುವ ಆಯ್ಕೆ ಕೊಟ್ಟರೆ ಹತ್ತು, ಇಪ್ಪತ್ತು, ಮೂವತ್ತು ಮಿ.ಮೀ. ಬಿದ್ದ ದಿನಗಳೇ ಆಯ್ದು ಮಾಯವಾಗುತ್ತವೆ.

ಇನ್ನು ಊರಿನ ಹೆಸರುಗಳು. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಹೊರಬಂತು. ಹೆಸರು ಹೋಲಿಸುವ ಲೈಬ್ರರಿಗಳನ್ನು ಕಣ್ಣು ಮುಚ್ಚಿ ನಂಬಿದರೆ ವಿಜಯಪುರ, ವಿಜಯನಗರ ಅಂಟಿಕೊಳ್ಳುತ್ತವೆ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಅಂಟಿಕೊಳ್ಳುತ್ತವೆ. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ಹಾಗಾಗಿ ಜೋಡಣೆ ಹೆಸರಿನಿಂದ ಬೇಡ, ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿರುವ ಕೋಡ್‌ನಿಂದ ಮಾಡಿ. ಕೋಡ್ ಇಲ್ಲದ ಕಡತಕ್ಕೆ ಒಮ್ಮೆ ಕೂತು ಕೈಯಾರೆ ಹೊಂದಾಣಿಕೆ ಪಟ್ಟಿ ಮಾಡಿಡಿ. 236 ಸಾಲು ಅಷ್ಟೇ, ಒಂದು ಮಧ್ಯಾಹ್ನದ ಕೆಲಸ, ವರ್ಷಗಟ್ಟಲೆ ಬಾಳುತ್ತದೆ. ಪಾಂಡಾಸ್‌ನಲ್ಲಿ ಎರಡು ಪಟ್ಟಿಗಳನ್ನು ಜೋಡಿಸುವಾಗ (ಮರ್ಜ್) ‘ವ್ಯಾಲಿಡೇಟ್’ ಮತ್ತು ‘ಇಂಡಿಕೇಟರ್’ ಎರಡನ್ನೂ ಹಾಕಿ. ಮೊದಲನೆಯದು ಒಂದಕ್ಕೆ ಎರಡು ಅಂಟಿದರೆ ತಡೆಯುತ್ತದೆ, ಎರಡನೆಯದು ಜೋಡಿ ಸಿಗದೆ ಉಳಿದವು ಯಾವುವು ಎಂದು ತೋರಿಸುತ್ತದೆ.

ಕೋಡ್ ಸರಿಯಿದ್ದರೂ ಗಡಿ ಬದಲಾಗಿರಬಹುದು. 2011ರ ಜನಗಣತಿಯಲ್ಲಿ ರಾಜ್ಯಕ್ಕೆ 176 ತಾಲ್ಲೂಕು. ಗಂಗಾವತಿಯಿಂದ ಆಮೇಲೆ ಕಾರಟಗಿ, ಕನಕಗಿರಿ ಬೇರೆಯಾದವು. ಈಗಿನ ಗಂಗಾವತಿಯ ಬಿತ್ತನೆ ಪ್ರದೇಶವನ್ನು ಹಳೆಯ ಗಂಗಾವತಿಯ ಜತೆ ಹೋಲಿಸಿ ‘ಬಿತ್ತನೆ ಕುಸಿತ’ ಎಂದು ಬರೆದರೆ ಅದು ಬರದ ಸುದ್ದಿಯಲ್ಲ, ಗಡಿಯ ಸುದ್ದಿ. ಮೂರನ್ನೂ ಕೂಡಿಸಿ ಹೋಲಿಸಬೇಕು.

ಖಾಲಿಗೂ ಸೊನ್ನೆಗೂ ಇರುವ ವ್ಯತ್ಯಾಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಪ್ರಕಟವಾದ ವರದಿಗಳನ್ನು ಸುಳ್ಳಾಗಿಸುವುದು ಇದೇ. ಪಟ್ಟಿಯಲ್ಲಿನ ಸಣ್ಣ ಅಡ್ಡಗೆರೆಗೆ ‘ಮಳೆ ಇಲ್ಲ’ ಎಂದೂ ಅರ್ಥ ಇರಬಹುದು, ‘ಮಾಹಿತಿ ಬಂದಿಲ್ಲ’ ಎಂದೂ ಇರಬಹುದು. ಕೆಳಗಿನ ಟಿಪ್ಪಣಿ ಓದಿ, ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಪಾಂಡಾಸ್ ಇಲ್ಲಿ ಸದ್ದಿಲ್ಲದೆ ಕೈಕೊಡುತ್ತದೆ: ವಾರದ ಏಳೂ ದಿನ ಖಾಲಿ ಇದ್ದರೂ ಮೊತ್ತ ಕೇಳಿದರೆ ಸೊನ್ನೆ ಎನ್ನುತ್ತದೆ. ಆ ಸೊನ್ನೆ ನೇರವಾಗಿ ಒಣ ವಾರವಾಗಿ ಎಣಿಕೆಗೆ ಸೇರುತ್ತದೆ. ‘ಮಿನ್ ಕೌಂಟ್’ ಏಳು ಎಂದು ಕೊಟ್ಟರೆ ಏಳೂ ದಿನದ ಮಾಹಿತಿ ಇದ್ದಾಗ ಮಾತ್ರ ಮೊತ್ತ ಬರುತ್ತದೆ, ಇಲ್ಲವಾದರೆ ಖಾಲಿ ಖಾಲಿಯಾಗಿಯೇ ಉಳಿಯುತ್ತದೆ. ಕಡತದಲ್ಲಿ ಸೊನ್ನೆ ಎಂದೇ ನಮೂದಾಗಿದ್ದರೂ ಅನುಮಾನ ಇರಲಿ. ಸ್ವಯಂಚಾಲಿತ ಮಳೆಮಾಪಕದಲ್ಲಿ ಕೊಳವೆಯಿಂದ ಇಳಿದ ನೀರು ತುಂಬಿ ಮಗುಚುವ ಪುಟ್ಟ ಬಟ್ಟಲಿದೆ, ಮಗುಚಿದ್ದನ್ನು ಎಣಿಸಿ ಮಳೆ ಲೆಕ್ಕ ಹಾಕುತ್ತದೆ. ತರಗೆಲೆಯೋ ಹಕ್ಕಿಯ ಹಿಕ್ಕೆಯೋ ಜೇಡರ ಬಲೆಯೋ ಕೊಳವೆ ಕಟ್ಟಿದರೆ ಬಟ್ಟಲು ಮಗುಚುವುದಿಲ್ಲ, ಹೊರಗೆ ಧಾರಾಕಾರ ಸುರಿದರೂ ಅಂಕಿ ಸೊನ್ನೆ. ಸುತ್ತಲ ನಾಲ್ಕೈದು ಮಾಪಕಗಳಲ್ಲಿ ಮೂವತ್ತು ಮಿ.ಮೀ. ಇದ್ದು ನಡುವಿನದು ದಿನಗಟ್ಟಲೆ ಸೊನ್ನೆ ತೋರಿಸಿದರೆ ಅದನ್ನು ಪ್ರತ್ಯೇಕ ಗುರುತು ಹಾಕಿ ಬದಿಗಿಡುವ ನಾಲ್ಕು ಸಾಲು ಕೋಡ್ ಬರೆದಿಡಿ.

ಸರಾಸರಿಯ ತಪ್ಪು ಇನ್ನೊಂದು. ವಾಡಿಕೆ 3,000 ಮಿ.ಮೀ. ಇರುವ ಮಲೆನಾಡಿನ ತಾಲ್ಲೂಕಿನಲ್ಲಿ 2,700 ಬಿತ್ತು ಎನ್ನಿ, −10. ವಾಡಿಕೆ 400 ಇರುವ ಬಯಲುಸೀಮೆಯಲ್ಲಿ 200 ಬಿತ್ತು, −50. ಶೇಕಡಾಗಳ ಸರಾಸರಿ −30. ಮಿ.ಮೀ. ಕೂಡಿಸಿ ಲೆಕ್ಕ ಹಾಕಿದರೆ 3,400ಕ್ಕೆ 2,900, ಸುಮಾರು −15. ಜಿಲ್ಲೆಯ ಮಳೆ ಬೇಕೆಂದರೆ ವಿಸ್ತೀರ್ಣದ ತೂಕ ಕೊಟ್ಟು ಮಿ.ಮೀ.ಯಲ್ಲೇ ಲೆಕ್ಕ ಹಾಕಿ, ಶೇಕಡಾ ಕೊನೆಯಲ್ಲಿ ತೆಗೆಯಿರಿ. ಆದರೆ ಆ −15 ಓದುವಾಗ ಬಯಲುಸೀಮೆಯ −50 ಕಣ್ಮರೆಯಾಗಿರುವುದನ್ನು ಮರೆಯಬೇಡಿ. ಬರದ ವರದಿಗೆ ಜಿಲ್ಲಾ ಸರಾಸರಿ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹವಾಮಾನ ಇಲಾಖೆಯ ಗ್ರಿಡ್ ದತ್ತಾಂಶ (ನಾಡನ್ನು ಚೌಕಗಳಾಗಿ ಭಾಗಿಸಿದ ಮಳೆ ಲೆಕ್ಕ) 1901ರಿಂದ ಸಿಗುತ್ತದೆ, ಬೆಲೆಬಾಳುವಂಥದ್ದು. ಆದರೆ ಅದರ ಒಂದು ಚೌಕ 0.25 ಡಿಗ್ರಿ, ಸುಮಾರು 27 ಕಿ.ಮೀ. ಘಟ್ಟದ ನೆತ್ತಿಯೂ ಅದರ ಮಳೆನೆರಳೂ ಒಂದೇ ಚೌಕದೊಳಗೆ ಬೀಳಬಹುದು. ಹೋಬಳಿ ಮಟ್ಟದ ಮಾತಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳೇ ಬೇಕು.

ಒಣ ಅವಧಿಯ ಎಣಿಕೆ ಕೇಳಿಸಿದಷ್ಟು ಕಷ್ಟವಲ್ಲ. ತಾಲ್ಲೂಕು, ಆಮೇಲೆ ವಾರ, ಈ ಕ್ರಮದಲ್ಲಿ ಸಾಲುಗಳನ್ನು ಜೋಡಿಸಿ. ವಾರದ ಮಳೆ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಸೊನ್ನೆ ಬಂದಾಗಲೆಲ್ಲ ಎಣಿಕೆ ಮೊದಲಿನಿಂದ. ತಾಲ್ಲೂಕುವಾರು ಗುಂಪು ಮಾಡದೆ ಎಣಿಸಿದರೆ ಒಂದು ತಾಲ್ಲೂಕಿನ ಕೊನೆಯ ಒಣ ವಾರಗಳು ಮುಂದಿನ ತಾಲ್ಲೂಕಿನ ಮೊದಲ ವಾರಕ್ಕೆ ಅಂಟಿ ಇಲ್ಲದ ಬರ ಹುಟ್ಟುತ್ತದೆ. ಫಲಿತಾಂಶ ಬಂದ ಮೇಲೆ ಅರ್ಧದ ಬದಲು 45, 55 ಇಟ್ಟು ಮತ್ತೆ ಓಡಿಸಿ. ವಾರದ ವಾಡಿಕೆಯೇ 15 ಮಿ.ಮೀ. ಇರುವ ಕಡೆ ಒಂದು ಸಂಜೆ 8 ಮಿ.ಮೀ. ಹನಿದರೆ ಆ ವಾರ ಒಣ ವಾರಗಳ ಪಟ್ಟಿಯಿಂದ ಪಾರು. ಅಷ್ಟು ಸಣ್ಣ ಅಂತರದಲ್ಲಿ ಪಾರಾದ ತಾಲ್ಲೂಕುಗಳ ಪಟ್ಟಿಯನ್ನು ಬೇರೆ ಮಾಡಿ. ಒಳ್ಳೆಯ ವರದಿಗಳು ಹೆಚ್ಚಾಗಿ ಅಲ್ಲಿರುತ್ತವೆ.

ಊರಿಗೆ ಹೊರಡುವ ಮುನ್ನ ಇನ್ನೊಂದು ಕಾಲಂ ಸೇರಿಸಿಕೊಳ್ಳಿ: ಮಳೆ ನಕ್ಷತ್ರ. ರೈತರು ಆಗಸ್ಟ್ ಮೂರನೇ ವಾರ ಎನ್ನುವುದಿಲ್ಲ, ಮಘೆ ಮಳೆ ಎನ್ನುತ್ತಾರೆ. ಒಂದೊಂದು ನಕ್ಷತ್ರಕ್ಕೆ 13–14 ದಿನ, ಪಂಚಾಂಗದಲ್ಲಿ ತಾರೀಕು ಸಿಗುತ್ತದೆ. ಆಗಸ್ಟ್ ಬಹುಪಾಲು ಆಶ್ಲೇಷ ಮತ್ತು ಮಘೆ. ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು’ ಎಂಬ ಗಾದೆ ಇರುವ ನಾಡಿನಲ್ಲಿ ಮಘೆ ಬರಲಿಲ್ಲ ಎಂದರೆ ಏನಾಯಿತು ಎಂದು ಎಲ್ಲರಿಗೂ ಗೊತ್ತು. ದೈನಿಕ ಮಳೆಯನ್ನು ನಕ್ಷತ್ರವಾರು ಕೂಡಿಸಿ ಒಂದು ಹಾಳೆಯಲ್ಲಿ ಮುದ್ರಿಸಿ ಒಯ್ದರೆ ಮಾತುಕತೆಯ ಸ್ವರೂಪವೇ ಬದಲಾಗುತ್ತದೆ. ಕೇಳಿದವರು ನಿಮ್ಮ ಅಂಕಿಯನ್ನು ತಿದ್ದುತ್ತಾರೆ: ‘ಆಶ್ಲೇಷದಲ್ಲಿ ಬಂತು, ಆದರೆ ಆ ಕಡೆ ಗುಡ್ಡದ ಸಾಲಿಗೆ ಮಾತ್ರ.’ ಅದು ಮಾಪಕ ಎಲ್ಲಿದೆ ಎಂದು ಹೋಗಿ ನೋಡಲು ಸಿಕ್ಕ ಕಾರಣ. ಪಂಚಾಯಿತಿ ಕಟ್ಟಡದ ಪಕ್ಕ ಮರದ ನೆರಳಲ್ಲಿ ಇದೆಯೇ, ಸುತ್ತ ಬಯಲಿದೆಯೇ, ಫೋಟೊ ತೆಗೆಯಿರಿ.

ಅತಿ ಕೆಟ್ಟ ತಾಲ್ಲೂಕಿಗೆ ಮಾತ್ರ ಹೋಗಬೇಡಿ. ಪಟ್ಟಿಗೆ ಸೇರಿದ ಒಂದು, ಕೂದಲೆಳೆಯಲ್ಲಿ ತಪ್ಪಿದ ಒಂದು, ಅಂಕಿಗೂ ಫೋನಿನಲ್ಲಿ ಕೇಳಿದ ಮಾತಿಗೂ ತಾಳೆಯಾಗದ ಒಂದು, ಮೂರು ಇರಲಿ. ಬರ ಘೋಷಣೆಗೆ ಮುನ್ನ ಸರ್ಕಾರವೂ ಹೊಲಕ್ಕೆ ಹೋಗಿರಬೇಕು: ಕೈಪಿಡಿಯ ಪ್ರಕಾರ ಶೇ 10ರಷ್ಟು ಹಳ್ಳಿಗಳನ್ನು ಮನಬಂದಂತೆ ಆರಿಸದೆ ಚೀಟಿ ಎತ್ತಿದ ಹಾಗೆ ಆಯ್ದು ಬೆಳೆ ಸಮೀಕ್ಷೆ ಮಾಡಬೇಕು. ನಷ್ಟ ಶೇ 33 ದಾಟಿದರೆ ಸಾಧಾರಣ ಬರ, 50 ದಾಟಿದರೆ ತೀವ್ರ ಬರ. ಆ ಹಳ್ಳಿಗಳ ಪಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನ. ಕಾಯ್ದೆಯ 7(9)ನೇ ಕಲಮನ್ನು ಉಲ್ಲೇಖಿಸಿ ಎಕ್ಸೆಲ್ ರೂಪದಲ್ಲೇ ಕೊಡಿ ಎಂದು ಬರೆಯಿರಿ, ಇಲ್ಲದಿದ್ದರೆ ಸ್ಕ್ಯಾನ್ ಪ್ರತಿ ಬಂದು ಮತ್ತೆ ಅನುಸ್ವಾರದ ಜತೆ ಗುದ್ದಾಡಬೇಕಾಗುತ್ತದೆ.

ಪ್ರಕಟಿಸುವ ಹೊತ್ತಿಗೆ ಮೂಲ ಕಡತ ಮುಟ್ಟದೆ ಒಂದು ಫೋಲ್ಡರಿನಲ್ಲಿ ಇರಬೇಕು, ಹೆಸರಿನಲ್ಲಿ ಇಳಿಸಿಕೊಂಡ ದಿನಾಂಕ ಇರಬೇಕು. ಇಲಾಖೆಗಳು ಅಂಕಿ ಪರಿಷ್ಕರಿಸುತ್ತವೆ. 2023ರಲ್ಲಿ ಬರಪೀಡಿತ ತಾಲ್ಲೂಕುಗಳ ಪಟ್ಟಿಯೇ ಸೆಪ್ಟೆಂಬರಿನಲ್ಲಿ 195 ಇದ್ದದ್ದು 216 ಆಗಿ 223ಕ್ಕೆ ಬಂತು. ಓದುಗರು ತಾವೇ ನೋಡಲೆಂದು ಸಿಎಸ್‌ವಿ ಕೊಡುವುದಾದರೆ ಯುಟಿಎಫ್-8ರ ಬಿಒಎಂ (ಕಡತದ ಆರಂಭದಲ್ಲಿ ಅಕ್ಷರ ಪದ್ಧತಿ ತಿಳಿಸುವ ಗುರುತು) ಇರುವ ರೂಪದಲ್ಲಿ ಉಳಿಸಿ. ಇಲ್ಲವಾದರೆ ಅವರ ಎಕ್ಸೆಲ್‌ನಲ್ಲಿ ಕನ್ನಡದ ಜಾಗದಲ್ಲಿ ಗೋಜಲು ಕಾಣುತ್ತದೆ, ತಮ್ಮ ತಾಲ್ಲೂಕಿನ ಸಾಲನ್ನು ಹುಡುಕಲು ಬಂದವರು ಹಾಗೇ ವಾಪಸ್ ಹೋಗುತ್ತಾರೆ.