ಅಪ್ಪ–ಅಮ್ಮ ವಿಯೆನ್ನಾಕ್ಕೆ ಬರುವುದಾದರೆ, ಮೊದಲು ಡಿ ಟ್ರ್ಯಾಮ್ ಕಲಿಸಿ

ಏಪ್ರಿಲ್ ಬಂತೆಂದರೆ ವಿಯೆನ್ನಾದ ಕನ್ನಡಿಗರ ಮನೆಗಳಲ್ಲಿ ಊರಿನಿಂದ ಬರುವ ಹಿರಿಯರದೇ ಮಾತು. ಮಗನೋ ಮಗಳೋ ಬೆಳಿಗ್ಗೆ ಕಚೇರಿಗೆ ಹೋದ ಮೇಲೆ ಅವರು ಸಂಜೆಯವರೆಗೆ ಕಿಟಕಿಯ ಬಳಿ ಕೂತಿರುವುದು, ಶನಿವಾರ ಬಂದಾಗ ಎಲ್ಲರೂ ಸೇರಿ ಓಡೋಡಿ ಅರಮನೆ ನೋಡಿ ಬರುವುದು ರೂಢಿಯಾಗಿಬಿಟ್ಟಿದೆ. ಈ ರೂಢಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಅರವತ್ತು ದಾಟಿದವರು, ಜರ್ಮನ್‌ನಲ್ಲಿ ಒಂದು ಮಾತೂ ಬಾರದವರು ತಮ್ಮಷ್ಟಕ್ಕೆ ತಾವು ಸುತ್ತಾಡಬಹುದಾದ ನಗರ ಇದು. ಶಿವಮೊಗ್ಗದಲ್ಲಿ ಒಬ್ಬರೇ ಬಸ್ಸು ಹತ್ತಿದ್ದೇ ಅಪರೂಪ ಎನ್ನುವ ನನ್ನ ಅಮ್ಮ ಇಲ್ಲಿ ‘ಡಿ’ ಎಂಬ ಅಕ್ಷರದ ಟ್ರ್ಯಾಮ್ ಹಿಡಿದು ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದರು. ಅವರಿಗೆ ಬೇಕಾಗಿದ್ದುದು ನನ್ನ ಜೊತೆಯಲ್ಲ, ಸರಿಯಾದ ಮಾಹಿತಿ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರ. ಆಸ್ಟ್ರಿಯಾಕ್ಕೆ ಬರಲು ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಬೇಸಿಗೆಯ ನೂಕುನುಗ್ಗಲಿನಲ್ಲಿ ಕೊನೆಯ ತಿಂಗಳವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ತಂದೆತಾಯಿಯ ಖರ್ಚನ್ನು ನೀವೇ ವಹಿಸಿಕೊಳ್ಳುವುದಾದರೆ ಇಲ್ಲಿನ ಪೊಲೀಸ್ ಕಚೇರಿಯಲ್ಲಿ ಹೊಣೆಗಾರಿಕೆಯ ಘೋಷಣೆಗೆ ಸಹಿ ಮಾಡಬೇಕು. ಅಲ್ಲಿ ಸಿಗುವ ಸಂಖ್ಯೆಯನ್ನು ಊರಿನಲ್ಲಿರುವವರು ಅರ್ಜಿಯಲ್ಲಿ ನಮೂದಿಸುತ್ತಾರೆ. ಅವರು ಬಂದಿಳಿದ ಮೇಲೆ ಇನ್ನೊಂದು ಕೆಲಸವಿದೆ, ಇದು ಅನೇಕರಿಗೆ ತಿಳಿದೇ ಇರುವುದಿಲ್ಲ. ಹೋಟೆಲಿನಲ್ಲಿ ಉಳಿದರೆ ಹೋಟೆಲಿನವರೇ ನೋಂದಣಿ ಮಾಡುತ್ತಾರೆ. ಆದರೆ ಮೂರು ದಿನಕ್ಕಿಂತ ಹೆಚ್ಚು ಕಾಲ ನಿಮ್ಮ ಮನೆಯಲ್ಲಿ ಉಳಿಯುವವರು, ಬಂದ ಮೂರು ದಿನದೊಳಗೆ ಜಿಲ್ಲಾ ಕಚೇರಿಯಲ್ಲಿ ತಮ್ಮ ವಿಳಾಸ ನೋಂದಾಯಿಸಬೇಕು. ಆ ನಮೂನೆಗೆ ಮೆಲ್ಡೆಟ್ಸೆಟ್ಟಲ್ ಎನ್ನುತ್ತಾರೆ. ಮನೆಯೊಡೆಯರಾಗಿ ನೀವೂ ಸಹಿ ಹಾಕಬೇಕು. ಶುಲ್ಕವಿಲ್ಲ. ಊರಿಗೆ ಹೊರಡುವಾಗ ಅದನ್ನು ರದ್ದು ಮಾಡಿಸುವುದನ್ನೂ ಮರೆಯಬೇಡಿ.

ಪೆಟ್ಟಿಗೆ ತುಂಬುವಾಗ ಅಮ್ಮಂದಿರಿಗೆ ನೋವಾಗುವ ಒಂದು ಮಾತು ಹೇಳಲೇಬೇಕು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನ ತರುವಂತಿಲ್ಲ. ಮನೆಯಲ್ಲಿ ಕಾಯಿಸಿದ ತುಪ್ಪವೂ ಇಲ್ಲ, ಧಾರವಾಡ ಪೇಡವೂ ಇಲ್ಲ. ಕರಿಬೇವು, ನಿಂಬೆಹಣ್ಣು, ಹಸಿ ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರದಂಥ ಕೆಲವಕ್ಕೆ ಮಾತ್ರ ಆ ಪತ್ರದ ಅಗತ್ಯವಿಲ್ಲ. ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ ಧಾರಾಳವಾಗಿ ತರಲಿ. ಉಳಿದ ದಿನಸಿಯೆಲ್ಲ ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ನಿತ್ಯದ ಮಾತ್ರೆಗಳನ್ನು ಅವುಗಳ ಮೂಲ ಪೆಟ್ಟಿಗೆಯಲ್ಲೇ ಇಟ್ಟುಕೊಂಡು, ವೈದ್ಯರ ಚೀಟಿಯಲ್ಲಿ ಔಷಧದ ರಾಸಾಯನಿಕ ಹೆಸರು ಬರೆಸಿಕೊಂಡು ಬರಲಿ. ನಮ್ಮ ಬ್ರ್ಯಾಂಡ್ ಹೆಸರು ಇಲ್ಲಿನ ಔಷಧ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಆ್ಯಂಟಿಬಯಾಟಿಕ್ ಇಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವುದೇ ಇಲ್ಲ. ಭಾನುವಾರ ಮತ್ತು ರಾತ್ರಿ ಸರದಿಯಲ್ಲಿ ತೆರೆದಿರುವ ಔಷಧ ಅಂಗಡಿ ಯಾವುದೆಂದು ಮುಚ್ಚಿದ ಅಂಗಡಿಯ ಬಾಗಿಲಲ್ಲೇ ಬರೆದಿರುತ್ತಾರೆ. ಆಂಬುಲೆನ್ಸ್‌ಗೆ 144, ಯಾವುದೇ ತುರ್ತಿಗೆ 112.

ವಿಮಾನ ನಿಲ್ದಾಣದಲ್ಲಿ ಹೊಸಬರ ಕಣ್ಣಿಗೆ ಮೊದಲು ಬೀಳುವುದು ಹಸಿರು ಬಣ್ಣದ ಸಿಎಟಿ ರೈಲಿನ ಫಲಕ. ಅದು ವೇಗದ ರೈಲು ನಿಜ, ಆದರೆ ಸಾಮಾನ್ಯ ರೈಲಿಗಿಂತ ಎರಡು ಪಟ್ಟಿಗೂ ಹೆಚ್ಚು ದುಬಾರಿ. ಅದೇ ನಿಲ್ದಾಣದಿಂದ ರೈಲ್‌ಜೆಟ್ ಹಿಡಿದರೆ ಸುಮಾರು ಕಾಲು ಗಂಟೆಯಲ್ಲಿ ಮುಖ್ಯ ರೈಲು ನಿಲ್ದಾಣವಾದ ಹೌಪ್ಟ್‌ಬಾನ್‌ಹೋಫ್ ತಲುಪಬಹುದು. ಅಲ್ಲಿ ಲಿಫ್ಟ್‌ಗಳಿವೆ, ಮೆಟ್ರೊ ಇದೆ, ಟ್ರ್ಯಾಮ್ ಇದೆ. ನಗರದ ಮಧ್ಯದ ರೈಲು ಮಾರ್ಗದ ನವೀಕರಣ ನಡೆಯುತ್ತಿರುವುದರಿಂದ ಎಸ್7 ಎಂಬ ಉಪನಗರ ರೈಲಿನಲ್ಲಿ ಬರುವವರು ಹೊರಡುವ ಮುನ್ನ ಮಾರ್ಗ ಬದಲಾಗಿದೆಯೇ ನೋಡಿಕೊಳ್ಳಬೇಕು. ವಿಮಾನ ನಿಲ್ದಾಣ ನಗರ ವಲಯದ ಹೊರಗಿದೆ, ಹಾಗಾಗಿ ನಗರದ ಪಾಸ್ ಅಲ್ಲಿಂದ ಪೂರ್ತಿ ಸಲ್ಲುವುದಿಲ್ಲ.

ಇನ್ನು ಡಿ ಟ್ರ್ಯಾಮ್. ವಿಯೆನ್ನಾದಲ್ಲಿ ಯು1ರಿಂದ ಯು6ರವರೆಗೆ ಮೆಟ್ರೊ ಮಾರ್ಗಗಳಿವೆ (ಯು5 ಇನ್ನೂ ಕಟ್ಟುತ್ತಿದ್ದಾರೆ), ಲೆಕ್ಕವಿಲ್ಲದಷ್ಟು ಬಸ್ಸುಗಳಿವೆ. ಎಲ್ಲವನ್ನೂ ಒಮ್ಮೆಗೇ ಹೇಳಿದರೆ ಹಿರಿಯರು ಹೆದರಿ ಮನೆಯಲ್ಲೇ ಉಳಿಯುತ್ತಾರೆ. ಡಿ ಒಂದನ್ನು ಕಲಿಸಿ ಸಾಕು. ಹೌಪ್ಟ್‌ಬಾನ್‌ಹೋಫ್ ಬದಿಯಿಂದ ಬರುವ ಅದು ಬೆಲ್ವೆಡೇರ್ ಅರಮನೆ, ಶ್ವಾರ್ಟ್ಸೆನ್‌ಬರ್ಗ್‌ಪ್ಲಾಟ್ಸ್, ಒಪೇರಾ, ಬುರ್ಗ್‌ರಿಂಗ್‌ನ ವಸ್ತುಸಂಗ್ರಹಾಲಯಗಳು, ಸಂಸತ್ತು, ನಗರಸಭೆಯನ್ನೆಲ್ಲ ದಾಟಿ, ಉತ್ತರದ ದ್ರಾಕ್ಷಿ ತೋಟಗಳ ಅಂಚಿನ ನುಸ್‌ಡಾರ್ಫ್‌ನಲ್ಲಿ ಕೊನೆಯಾಗುತ್ತದೆ. ನೋಡಬೇಕಾದ ಅರ್ಧ ವಿಯೆನ್ನಾ ಇದೊಂದೇ ಹಳಿಯ ಮೇಲಿದೆ. ನಿಲ್ದಾಣದ ಫಲಕದಲ್ಲಿ ಗಾಲಿಕುರ್ಚಿಯ ಚಿತ್ರವಿದ್ದರೆ ಬರುತ್ತಿರುವುದು ತಗ್ಗು ನೆಲದ ಟ್ರ್ಯಾಮ್ ಎಂದರ್ಥ. ಮಂಡಿನೋವಿನವರು ಅದಕ್ಕೇ ಕಾಯಲಿ. ಹತ್ತುವಾಗ ಯಾರೂ ಟಿಕೆಟ್ ಕೇಳುವುದಿಲ್ಲ, ಮೆಟ್ರೊದಲ್ಲೂ ತಡೆಗೇಟುಗಳಿಲ್ಲ. ಆದರೆ ತಪಾಸಣೆ ಯಾವಾಗ ಬೇಕಾದರೂ ಬರುತ್ತದೆ, ದಂಡ ದೊಡ್ಡದು. ಕಾಗದದ ಟಿಕೆಟ್ ಮೇಲೆ ದಿನಾಂಕ, ಸಮಯ ಮುದ್ರಿತವಾಗಿಲ್ಲದಿದ್ದರೆ ಮೊದಲ ಬಾರಿ ನೀಲಿ ಪೆಟ್ಟಿಗೆಯ ಸೀಳಿನಲ್ಲಿ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಹಲವು ದಿನದ ಪಾಸ್ ಕೊಡಿಸಿಬಿಡಿ. ತಪ್ಪು ನಿಲ್ದಾಣದಲ್ಲಿ ಇಳಿದರೂ ಮುಂದಿನ ಟ್ರ್ಯಾಮ್ ಹತ್ತಬಹುದು ಎಂಬುದೇ ಅವರಿಗೆ ದೊಡ್ಡ ಧೈರ್ಯ.

ಶ್ವಾರ್ಟ್ಸೆನ್‌ಬರ್ಗ್‌ಪ್ಲಾಟ್ಸ್‌ನಲ್ಲಿ ಒಮ್ಮೆ ಇಳಿಯಲಿ. ಅಲ್ಲಿ ಚಿಮ್ಮುವ ದೊಡ್ಡ ಕಾರಂಜಿ 1873ರದು, ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ನಗರಕ್ಕೆ ನೀರು ತಂದ ಮೊದಲ ಕೊಳವೆ ಮಾರ್ಗ ಉದ್ಘಾಟನೆಯಾದ ಜಾಗ. ಎರಡನೆಯ ಮಾರ್ಗ 1910ರಲ್ಲಿ ಬಂತು. ಆ ನೀರು ಇಳಿಜಾರಿನ ಬಲದಿಂದಲೇ ಹರಿದು ಬರುತ್ತದೆ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಕಾವೇರಿಯನ್ನು ಪಂಪು ಮಾಡಿ ಮೇಲೆತ್ತಿಸಿಕೊಳ್ಳುವ ಬೆಂಗಳೂರಿನವರು ಈ ಕಾರಂಜಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಎಂದು ನನಗನ್ನಿಸುತ್ತದೆ. ವ್ಯವಹಾರದ ಮಾತೆಂದರೆ, ಇಲ್ಲಿ ಬಾಟಲಿ ನೀರು ಕೊಳ್ಳುವ ಅಗತ್ಯವೇ ಇಲ್ಲ. ಮನೆಯ ನಲ್ಲಿಯ ನೀರು ತಣ್ಣಗೆ, ಸಿಹಿಯಾಗಿರುತ್ತದೆ. ಉದ್ಯಾನ, ಚೌಕಗಳಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ. ಖಾಲಿ ಬಾಟಲಿ ಇನ್ನೊಂದಕ್ಕೂ ಬೇಕು: ಶೌಚಾಲಯಗಳಲ್ಲಿ ಕಾಗದ ಮಾತ್ರ ಇರುತ್ತದೆ. ಸಾರ್ವಜನಿಕ ಶೌಚಾಲಯಗಳಲ್ಲಿ ಹಲವಕ್ಕೆ ಐವತ್ತು ಸೆಂಟಿನ ನಾಣ್ಯ ಬೇಕು, ಜೇಬಿನಲ್ಲಿ ಚಿಲ್ಲರೆ ಇರಲಿ.

ಸಸ್ಯಾಹಾರಿಗಳು ಓದಲೇಬೇಕಾದ ಭಾಗ ಇದು. ಹೆಚ್ಚಿನ ಮೆನುಗಳಲ್ಲಿ ತಿಂಡಿಯ ಹೆಸರಿನ ಪಕ್ಕ ಎ, ಸಿ, ಜಿ ಎಂದು ಪುಟ್ಟ ಅಕ್ಷರಗಳಿರುತ್ತವೆ. ಅಲರ್ಜಿಯ ಮಾಹಿತಿಗೆಂದು ಇರುವ ಅಕ್ಷರಗಳವು: ಎ ಎಂದರೆ ಗೋಧಿಯಂಥ ಧಾನ್ಯ, ಸಿ ಎಂದರೆ ಮೊಟ್ಟೆ, ಜಿ ಎಂದರೆ ಹಾಲು. ಮೊಟ್ಟೆ ತಿನ್ನದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಸಿ ಇದ್ದಲ್ಲಿ ಮುಂದೆ ಹೋದರಾಯಿತು. ಆದರೆ ಮಾಂಸಕ್ಕೆ ಅಕ್ಷರವಿಲ್ಲ, ಎಚ್ಚರ ಇರುವುದು ಇಲ್ಲೇ. ಫ್ರಿಟಾಟನ್‌ಸುಪ್ಪೆ ಎಂಬ ಸೂಪಿನಲ್ಲಿ ದೋಸೆಯ ಎಳೆಗಳಂಥವು ತೇಲುತ್ತಿರುತ್ತವೆ, ನೋಡಲು ಮುಗ್ಧವಾಗಿದೆ, ಆದರೆ ಕೆಳಗಿನ ತಿಳಿ ದನದ ಮಾಂಸ ಬೇಯಿಸಿದ ಸಾರು. ವಿಯೆನ್ನಾದ ಆಲೂಗಡ್ಡೆ ಸಲಾಡಿಗೂ ಸಾಮಾನ್ಯವಾಗಿ ಅದೇ ಸಾರು ಹಾಕುತ್ತಾರೆ. ಮಾಂಸ ಕಣ್ಣಿಗೆ ಕಾಣದಿದ್ದರೂ ಬಾಯಿಬಿಟ್ಟು ಕೇಳಬೇಕು. ಕಡಲೆಯ ವಡೆಯಂಥ ಫಲಾಫೆಲ್ ಮಾರುವ ಅಂಗಡಿ ಎಲ್ಲೆಡೆ ಇದೆ, ಹಸಿವಾದಾಗ ನೆಮ್ಮದಿಯ ದಾರಿ ಅದು. ಸಿಹಿಯಲ್ಲಿ, ತೆಳು ಹಿಟ್ಟಿನ ಹಾಳೆಯಲ್ಲಿ ಸೇಬು ಸುತ್ತಿ ಬೇಯಿಸುವ ಸ್ಟ್ರೂಡಲ್‌ನ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಮೊಟ್ಟೆ ಹಾಕುವುದಿಲ್ಲ. ಆದರೂ ಅಕ್ಷರ ನೋಡಿಯೇ ತರಿಸಲಿ.

ಕಾಫಿಗೆ ಹೆಸರುವಾಸಿ ನಗರವಾದರೂ ಇಲ್ಲಿನ ಮೆಲಾಂಜ್ ಎಂಬ ಹಾಲುನೊರೆಯ ಕಾಫಿ ನಮ್ಮ ನಾಲಿಗೆಗೆ ಸಪ್ಪೆ. ಡಿಕಾಕ್ಷನ್ನಿನ ಕಡುಪು ಬೇಕಾದವರು ಗ್ರೋಸರ್ ಬ್ರೌನರ್ ಕೇಳಿ, ಜೊತೆಗೆ ಬರುವ ಪುಟ್ಟ ಜಗ್ಗಿನ ಕ್ರೀಮನ್ನು ಬೇಕಷ್ಟೇ ಬೆರೆಸಿಕೊಳ್ಳಲಿ. ತಟ್ಟೆಯಲ್ಲಿ ಒಂದು ಲೋಟ ನೀರು ಜೊತೆಗೇ ಬರುತ್ತದೆ. ಒಂದೇ ಕಾಫಿ ಹೇಳಿ ಎಷ್ಟು ಹೊತ್ತು ಕೂತರೂ ಯಾರೂ ಏಳಿಸುವುದಿಲ್ಲ, ಕೇಳುವವರೆಗೆ ಬಿಲ್ಲೂ ಬರುವುದಿಲ್ಲ. ಸ್ವಲ್ಪ ನಗದು ಇಟ್ಟುಕೊಳ್ಳಲಿ, ಎಲ್ಲ ಕಡೆ ಕಾರ್ಡ್ ನಡೆಯುವುದಿಲ್ಲ.

ಬುರ್ಗ್‌ರಿಂಗ್‌ನಲ್ಲಿ ಇಳಿದರೆ ಕುನ್ಸ್ಟ್‌ಹಿಸ್ಟೋರಿಶಸ್ ಮ್ಯೂಸಿಯಂ. ಇಡೀ ಕಟ್ಟಡ ಸುತ್ತಿಸಿ ದಣಿಸಬೇಡಿ. ಬ್ರೂಗಲ್‌ನ ಚಿತ್ರಗಳಿರುವ ಕೋಣೆಗೆ ನೇರ ಹೋಗಿ ಕೂರಲಿ. ಹದಿನಾರನೇ ಶತಮಾನದ ರೈತರ ಮದುವೆಯೂಟದ ಚಿತ್ರವೊಂದು ಅಲ್ಲಿದೆ. ಕಿತ್ತ ಬಾಗಿಲನ್ನೇ ಹಲಗೆಯಾಗಿಸಿ ಇಬ್ಬರು ಅಂಬಲಿಯ ತಟ್ಟೆಗಳನ್ನು ಹೊತ್ತು ತರುತ್ತಿದ್ದಾರೆ. ಹಸಿರು ಬಟ್ಟೆಯ ಮುಂದೆ ಕೂತ ಮದುಮಗಳು ಕೈಕಟ್ಟಿ ಕಣ್ಣು ತಗ್ಗಿಸಿದ್ದಾಳೆ, ಏನನ್ನೂ ತಿನ್ನುತ್ತಿಲ್ಲ. ವಾದ್ಯದವನ ಕಣ್ಣು ಊಟದ ಮೇಲೆ. ಮುಂದೆ ನೆಲದಲ್ಲಿ ಕೂತ ಮಗು ತಟ್ಟೆಗೆ ಬೆರಳಿಟ್ಟು ನೆಕ್ಕುತ್ತಿದೆ. ಬಾಗಿಲಲ್ಲಿ ಇನ್ನೂ ಜನ ನುಗ್ಗುತ್ತಲೇ ಇದ್ದಾರೆ. ಮುಂದಿನ ಪಂಕ್ತಿಗೆ ಎಲೆ ಸಾಲುತ್ತದೆಯೇ ಎಂದು ನೋಡುವ ನಮ್ಮ ಮನೆಯ ಹಿರಿಯರಿಗೆ ಈ ಚಿತ್ರವನ್ನು ಯಾರೂ ವಿವರಿಸಬೇಕಾಗಿಲ್ಲ. ಅಮ್ಮ ಇದರ ಮುಂದೆ ಕೂತು ಮದುಮಗ ಎಲ್ಲಿ ಎಂದು ಹುಡುಕಿದರು. ಅವನು ಯಾರೆಂಬುದು ಕಲಾ ಇತಿಹಾಸಕಾರರಿಗೂ ಇತ್ಯರ್ಥವಾಗಿಲ್ಲ. ಹಲವು ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ, ಮುಂಚೆಯೇ ನೋಡಿಕೊಳ್ಳಿ. ಭಾನುವಾರ ತೆರೆದಿರುತ್ತವೆ, ಅಂದು ಮುಚ್ಚುವುದು ಅಂಗಡಿಗಳು. ಹಾಲು, ಮೊಸರು, ತರಕಾರಿ ಶನಿವಾರ ಸಂಜೆಯೊಳಗೆ ತಂದಿಟ್ಟುಕೊಳ್ಳಬೇಕು. ಮರೆತರೆ ದೊಡ್ಡ ರೈಲು ನಿಲ್ದಾಣಗಳ ಒಳಗಿನ ಅಂಗಡಿಗಳೇ ಗತಿ.

ಬೆಲ್ವೆಡೇರ್ ಮತ್ತು ಷೋನ್‌ಬ್ರುನ್ ಅರಮನೆಗಳ ಉದ್ಯಾನಗಳಿಗೆ ಟಿಕೆಟ್ ಇಲ್ಲ. ದಿನವೂ ನಡೆಯುವ ಅಭ್ಯಾಸವಿರುವ ಅಪ್ಪಂದಿರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ. ಸೈಕಲ್ ಪಥದ ಮೇಲೆ ಮಾತ್ರ ಕಾಲಿಡದಿರಲಿ, ಸೈಕಲ್‌ಗಳು ಸದ್ದಿಲ್ಲದೆ ವೇಗವಾಗಿ ಬರುತ್ತವೆ. ರಸ್ತೆ ಖಾಲಿಯಿದ್ದರೂ ಹಸಿರು ದೀಪಕ್ಕೆ ಕಾಯಲಿ.

ಸ್ವಲ್ಪ ಅಭ್ಯಾಸವಾದ ಮೇಲೆ ನುಸ್‌ಡಾರ್ಫ್‌ವರೆಗೆ ಹೋಗಲಿ. ಕೊನೆಯ ನಿಲ್ದಾಣದ ಹೆಸರು ಬೇಥೋವನ್‌ಗಾಂಗ್. ಅಲ್ಲಿಂದ ಅದೇ ಹೆಸರಿನ ಕಾಲುದಾರಿ ಸಣ್ಣ ತೊರೆಯೊಂದರ ಪಕ್ಕದಲ್ಲಿ ಮರಗಳ ನೆರಳಿನಲ್ಲಿ ಸಾಗುತ್ತದೆ. ಕೊನೆಯ ನಿಲ್ದಾಣವಾದ್ದರಿಂದ ಇಳಿಯುವ ಜಾಗ ತಪ್ಪುವ ಭಯವಿಲ್ಲ. ಮರಳುವಾಗ ಇಳಿಯಬೇಕಾದ ನಿಲ್ದಾಣದ ಹೆಸರನ್ನು ಮಾತ್ರ ಒಂದು ಚೀಟಿಯಲ್ಲಿ ದೊಡ್ಡದಾಗಿ, ರೋಮನ್ ಲಿಪಿಯಲ್ಲೂ ಕನ್ನಡದಲ್ಲೂ ಬರೆದುಕೊಡಿ. ಮುಂದಿನ ನಿಲ್ದಾಣ ಯಾವುದೆಂದು ಟ್ರ್ಯಾಮ್‌ನ ಒಳಗಿನ ಫಲಕ ತೋರಿಸುತ್ತಲೇ ಇರುತ್ತದೆ, ಅವರು ಚೀಟಿಯ ಜೊತೆ ಹೋಲಿಸಿ ನೋಡಿಕೊಳ್ಳುತ್ತಾರೆ. ಚೀಟಿಯ ಹಿಂಬದಿಯಲ್ಲಿ ಮನೆಯ ವಿಳಾಸ, ನಿಮ್ಮ ಮೊಬೈಲ್ ಸಂಖ್ಯೆ ಮತ್ತು ಅವರು ತೆಗೆದುಕೊಳ್ಳುವ ಮಾತ್ರೆಗಳ ಹೆಸರಿರಲಿ.