ಉಸಿರೂ ನೋಡ್ರಿ, ನಾಡಿನೂ ನೋಡ್ರಿ

ಡಾಕ್ಟರು ತೀರಿಕೊಂಡು ವರ್ಷವಾಗಿತ್ತು. ಅವರ ಹೆಂಡತಿ ಫೋನ್ ಮಾಡಿದರು. "ಸಿಸ್ಟರ್, ಸಾಹೇಬ್ರ ಕಾಗದ ಭಾಳ ಅದಾವ. ಯಾವ್ದು ಇಡಬೇಕು, ಯಾವ್ದು ಒಗೀಬೇಕು ತಿಳಿವಲ್ದು. ಒಮ್ಮೆ ಬರ್ತೀರೇನು?" ಹದಿನೆಂಟು ವರ್ಷ ಅವರ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು ನಾನು. ಇಲ್ಲ ಅನ್ನೋಕಾಗುತ್ತಾ?

ರಾಯಚೂರಿನ ಮೇ ತಿಂಗಳು. ಮಾಳಿಗೆ ಮೇಲಿನ ಕೋಣೆ ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಮೂರು ಟ್ರಂಕು. ಒಂದರ ತಳ ಗೆದ್ದಲಿನ ಪಾಲಾಗಿತ್ತು.

ಮೊದಲು ಸಿಕ್ಕಿದ್ದು ಆಪರೇಷನ್ ರಿಜಿಸ್ಟರುಗಳು. ಹರ್ನಿಯಾ, ಅಪೆಂಡಿಕ್ಸ್, ಎತ್ತು ತಿವಿದ ಹೊಟ್ಟೆ. ಹೆಸರು, ಊರು, ವಯಸ್ಸು ಎಲ್ಲ ಇತ್ತು. ಮಗ ಆಗಲೇ ರದ್ದಿಯವನಿಗೆ ಹೇಳಿಟ್ಟಿದ್ದ. ನನಗೆ ಸಿಟ್ಟು ಬಂತು. ಯಾರದ್ದೋ ಹೈಡ್ರೋಸಿಲ್ ನಾಳೆ ಮಿರ್ಚಿ ಕಟ್ಟೋ ಕಾಗದ ಆಗಬೇಕಾ? ಕತ್ತರಿ ತರಿಸಿ ಹೆಸರಿದ್ದ ಪಟ್ಟಿಯನ್ನೆಲ್ಲ ಕತ್ತರಿಸುತ್ತಾ ಕೂತೆ. ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು.

ಕೊನೆಯ ಟ್ರಂಕಿನಲ್ಲಿ ಒಂದು ಹಸಿರು ಫೈಲು. ಒಳಗೆ ಔಷಧಿ ಕಂಪನಿಯವರು ಕೊಟ್ಟ ಪ್ಯಾಡಿನ ಹಾಳೆಗಳು, ಎಲ್ಲ ಕ್ಲೋರೋಫಾರ್ಮಿನ ಬಗ್ಗೆ, ಹಿಂದೆ ಆಪರೇಷನ್ ಮಾಡುವಾಗ ಮೂಸಿಸಿ ಎಚ್ಚರ ತಪ್ಪಿಸುತ್ತಿದ್ದ ಔಷಧಿ. ಎಡಿನ್‌ಬರಾದಲ್ಲಿ ಸಿಂಪ್ಸನ್ ಅನ್ನೋ ಡಾಕ್ಟರು ಅದನ್ನು ಬಳಸಿದ್ದು 1847ರಲ್ಲಿ. ಅದರಿಂದ ನೋವು ತಪ್ಪಿತು, ಆದರೆ ಕೆಲವರು ಟೇಬಲ್ ಮೇಲೇ ಸತ್ತರು. ಮೊದಲು ನಿಲ್ಲೋದು ಉಸಿರೋ, ಹೃದಯವೋ ಅಂತ ಜಗಳ. ಅದನ್ನು ಬಿಡಿಸೋಕೆ ಕೂತದ್ದು ಎಲ್ಲಿ ಗೊತ್ತಾ? ಹೈದರಾಬಾದಿನಲ್ಲಿ! ಆಗ ನಮ್ಮ ರಾಯಚೂರೂ ನಿಜಾಮರ ಸೀಮೆಯೇ. ಅಲ್ಲಿನ ಸರ್ಜನ್ ಎಡ್ವರ್ಡ್ ಲಾರಿ (ಹೆಸರಿಗೆ ನಗಬೇಡಿ) 1888ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ, ಮೊದಲು ನಿಲ್ಲೋದು ಉಸಿರು ಅಂದರು. ಲಂಡನ್ನಿನವರು ಒಪ್ಪಲಿಲ್ಲ. ನಿಜಾಮರು ಸಾವಿರ ಪೌಂಡ್ ಕೊಟ್ಟರು. 1889ರಲ್ಲಿ ಲಂಡನ್ನಿನಿಂದ ಲಾಡರ್ ಬ್ರಂಟನ್ ಅನ್ನೋ ಡಾಕ್ಟರು ಬಂದು ಮತ್ತೆ ಪ್ರಯೋಗ ನಡೆಯಿತು. ತೀರ್ಪು ಅದೇ: ಉಸಿರು ನೋಡಿ, ಸಾಕು.

ಈ ಸಾಲಿನ ಪಕ್ಕದಲ್ಲಿ ಡಾಕ್ಟರು ಕೆಂಪು ಇಂಕಿನಲ್ಲಿ "ತಪ್ಪು" ಅಂತ ಬರೆದಿದ್ದರು. ಕೆಳಗೆ ಲೆವಿ ಅನ್ನೋ ಸಂಶೋಧಕರ ಹೆಸರು, 1911. ಅವರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರ್ಮ್ ಕಡಿಮೆ ಇದ್ದಾಗಲೂ ಹೃದಯ ತಟ್ಟನೆ ಅದುರಿ ನಿಲ್ಲಬಹುದು ಅಂತ ತೋರಿಸಿದ್ದರು.

ಓದುತ್ತಾ ನನಗೆ ಥಿಯೇಟರು ನೆನಪಾಯಿತು. ಮಾನಿಟರ್ ಬಂದು ಎಷ್ಟೋ ವರ್ಷ ಆದಮೇಲೂ ಡಾಕ್ಟರು ದಿನಾ ಅದೇ ಮಾತು ಹೇಳೋರು: "ಉಸಿರೂ ನೋಡ್ರಿ, ನಾಡಿನೂ ನೋಡ್ರಿ." ಪರದೆ ಮೇಲೆ ಎಲ್ಲ ಬರ್ತಿದೆಯಲ್ಲ, ಇವರದ್ದೊಂದು ಚಾಳಿ ಅಂತ ಮಾಸ್ಕಿನೊಳಗೇ ನಗುತ್ತಿದ್ದೆವು. ಕಾರಣ ಅವರು ಯಾವತ್ತೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

"ಅದನ್ನ ನೀವು ಒಯ್ರಿ" ಅಂದರು ಅಮ್ಮ.

ಸಂಜೆ ರದ್ದಿಯವನು ಬಂದು ಹಳೇ ಜರ್ನಲ್‌ಗಳನ್ನು ತೂಗಿದ. ನನ್ನ ಚೀಲದಿಂದ ಇಣುಕುತ್ತಿದ್ದ ಫೈಲು ನೋಡಿ, "ಅದನ್ನೂ ಹಾಕ್ರಿ ಅಕ್ಕಾ, ತೂಕ ಬರ್ತೈತಿ" ಅಂದ. ನಾನು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.